ಅವಳಿ ಮಕ್ಕಳು ಅಂಬೆಗಾಲಿಡುವಾಗ: ಮನೆಯವರು ವಹಿಸಬೇಕಾದ ಎಚ್ಚರಿಕೆಗಳು

ಮನೆಯಲ್ಲಿ ಅವಳಿ ಮಕ್ಕಳು ಹುಟ್ಟಿದರೆ ಸಂತೋಷವೂ ಇಮ್ಮಡಿ, ಕೆಲಸವೂ ಇಮ್ಮಡಿ. ಮೊದಲ ಐದಾರು ತಿಂಗಳು ಹಾಲುಣಿಸುವುದು, ಮೀಯಿಸುವುದು, ರಾತ್ರಿ ನಿದ್ದೆಗೆಡುವುದು ಇವುಗಳಲ್ಲೇ ಕಳೆದುಹೋಗುತ್ತವೆ. ಇನ್ನು ತುಸು ಸುಧಾರಿಸಿಕೊಳ್ಳೋಣ ಎನ್ನುವಷ್ಟರಲ್ಲಿ ಮಕ್ಕಳು ನೆಲದ ಮೇಲೆ ಹರಿದಾಡಲು ತೊಡಗುತ್ತಾರೆ. ಹೆಚ್ಚಿನ ಎಚ್ಚರಿಕೆ ಬೇಕಾಗುವುದು ಈ ಹಂತದಿಂದಲೇ.

ಒಂದೇ ಮಗುವಾದರೆ ಅದರ ಹಿಂದೆ ಹೋಗಬಹುದು. ಅವಳಿಗಳು ಎರಡು ದಿಕ್ಕಿಗೆ ಹೋಗುತ್ತವೆ. ಬಿದ್ದ ಮಗುವನ್ನು ಎತ್ತಿ ಸಮಾಧಾನಪಡಿಸುವ ಅರ್ಧ ನಿಮಿಷ ಇನ್ನೊಂದು ಮಗುವಿನ ಮೇಲೆ ಯಾರ ಕಣ್ಣೂ ಇರುವುದಿಲ್ಲ. ಆದುದರಿಂದ ನಮ್ಮ ಕಣ್ಣನ್ನು ಮಾತ್ರ ನಂಬಿದರೆ ಸಾಲದು. ಕಣ್ಣು ತಪ್ಪಿದ ಕ್ಷಣದಲ್ಲೂ ಅಪಾಯ ಆಗದಂತೆ ಮನೆಯನ್ನು ಮೊದಲೇ ಸಿದ್ಧಪಡಿಸಬೇಕು.

ಮುಂದಿರುವ ಮಗುವನ್ನು ನೋಡಿ ಸಿದ್ಧರಾಗಿ

ಸಾಮಾನ್ಯವಾಗಿ ಮಕ್ಕಳು 6ರಿಂದ 10 ತಿಂಗಳೊಳಗೆ ಹರಿದಾಡಲು ಕಲಿಯುತ್ತಾರೆ. ಅವಳಿಗಳಲ್ಲಿ ಅನೇಕರು ದಿನ ತುಂಬುವ ಮೊದಲೇ ಹುಟ್ಟುವುದರಿಂದ ಸ್ವಲ್ಪ ತಡವಾಗಬಹುದು. ಇದರಲ್ಲಿ ಗಾಬರಿಪಡುವಂಥದ್ದು ಏನೂ ಇಲ್ಲ. ಆದರೆ ಇಬ್ಬರೂ ಒಂದೇ ದಿನ ಕಲಿಯುವುದಿಲ್ಲ. ಒಂದು ಕುಳಿತಲ್ಲೇ ಇರುವಾಗ ಇನ್ನೊಂದು ಹೊಸ್ತಿಲು ದಾಟಿರುತ್ತದೆ. ಚುರುಕಾಗಿರುವ ಮಗು ಏನು ಮಾಡಬಲ್ಲದು ಎಂಬುದನ್ನು ನೋಡಿಕೊಂಡೇ ಇಬ್ಬರಿಗೂ ವ್ಯವಸ್ಥೆ ಮಾಡಬೇಕು.

ಒಂದು ಸುರಕ್ಷಿತ ಜಾಗ

ಇಡೀ ಮನೆಯನ್ನು ಒಮ್ಮೆಲೇ ಸರಿಪಡಿಸುವುದು ಕಷ್ಟ. ಮೊದಲು ಒಂದು ಕೋಣೆಯನ್ನೋ ಚಾವಡಿಯ ಒಂದು ಭಾಗವನ್ನೋ ಆರಿಸಿಕೊಳ್ಳಿ. ಅಲ್ಲಿ ನೀವೇ ಮಂಡಿಯೂರಿ ಒಂದು ಸುತ್ತು ಬನ್ನಿ. ನಿಂತಾಗ ಕಾಣದ ವಯರು, ಪ್ಲಗ್ಗಿನ ತೂತು, ಮೇಜಿನ ಚೂಪು ಮೂಲೆ, ಸೋಫಾದ ಅಡಿಯಲ್ಲಿ ಬಿದ್ದ ಗುಂಡಿ ಎಲ್ಲವೂ ಆಗ ಕಾಣುತ್ತವೆ. ಅವನ್ನು ತೆಗೆದು ಅಥವಾ ಮುಚ್ಚಿ, ಬಾಗಿಲಿಗೆ ಗಟ್ಟಿಯಾದ ಅಡ್ಡಗೇಟು ಹಾಕಿಸಿ. ಅಡುಗೆಮನೆಗೂ ಇಂತಹ ಗೇಟು ಬೇಕು. ಅನ್ನದ ಗಂಜಿ ಬಸಿಯುವಾಗ, ಕುದಿಯುವ ಸಾರು ಇಳಿಸುವಾಗ ಎರಡು ಮಕ್ಕಳು ಕಾಲ ಬುಡದಲ್ಲಿ ಇರುವುದು ಬಹಳ ಅಪಾಯ. ಬಿಸಿ ಚಹಾದ ಲೋಟವನ್ನು ಮೇಜಿನ ಅಂಚಿನಲ್ಲಿ ಇಡಬಾರದು. ಎಳೆದರೆ ಬರುವ ಮೇಜುಬಟ್ಟೆಯೂ ಬೇಡ.

ನೀರಿನ ಅಪಾಯ

ನಮ್ಮ ಕರಾವಳಿಯ ಮನೆಗಳಲ್ಲಿ ನೀರಿಗೆ ಬರವಿಲ್ಲ. ಬಾವಿ, ಬಚ್ಚಲಿನ ಹಂಡೆ, ಮಳೆಗಾಲದಲ್ಲಿ ಮಾಡಿನ ನೀರಿಗೆ ಇಟ್ಟ ಪಾತ್ರೆ, ಯಾವಾಗಲೂ ತುಂಬಿರುವ ಬಾಲ್ದಿ ಎಲ್ಲವೂ ಇವೆ. ಈ ವಯಸ್ಸಿನ ಮಗುವಿಗೆ ತಲೆಯೇ ಭಾರ. ಬಾಲ್ದಿಯೊಳಗೆ ಬಗ್ಗಿ ಬಿದ್ದರೆ ತಾನಾಗಿ ಮೇಲೇಳಲಾರದು. ಐದು ಸೆಂಟಿಮೀಟರ್ ನೀರು ಸಹ ಪ್ರಾಣಕ್ಕೆ ಮುಳುವಾಗಬಲ್ಲದು. ಮುಳುಗುವ ಮಗು ಕೂಗುವುದಿಲ್ಲ, ಸದ್ದಿಲ್ಲದೆ ಮುಳುಗುತ್ತದೆ. ಕೆಲಸ ಮುಗಿದ ಕೂಡಲೇ ಬಾಲ್ದಿಯನ್ನು ಬರಿದು ಮಾಡಿ ಕವುಚಿ ಹಾಕಿ. ಬಚ್ಚಲಿನ ಬಾಗಿಲಿಗೆ ಮೇಲಿನಿಂದ ಚಿಲಕ ಇರಲಿ. ಬಾವಿಗೆ ಎತ್ತರದ ಕಟ್ಟೆಯ ಜೊತೆಗೆ ಕಬ್ಬಿಣದ ಬಲೆಯನ್ನೂ ಹಾಕಿಸಿ.

ಒಬ್ಬರೇ ಇರುವಾಗ ಇಬ್ಬರನ್ನೂ ಒಟ್ಟಿಗೆ ಮೀಯಿಸಬೇಡಿ. ಒಂದು ಮಗು ಕಣ್ಣಿಗೆ ಕಾಣುವಂತೆ ತೊಟ್ಟಿಲಿನಲ್ಲೋ ಸುತ್ತಲೂ ಕಟಾಂಜನವಿರುವ ಆಟದ ಗೂಡಿನಲ್ಲೋ ಇರಲಿ. ಫೋನು ರಿಂಗಾದರೆ ಆಗುತ್ತಿರಲಿ. ನೀರಿನ ಬಳಿ ಮಗುವನ್ನು ಬಿಟ್ಟು ಏಳಬಾರದು.

ಹತ್ತುವ ಹುಮ್ಮಸ್ಸು

ಅವಳಿಗಳು ಪರಸ್ಪರ ಗುರುಗಳು. ಒಂದು ಕುರ್ಚಿ ಹತ್ತಿದರೆ ಇನ್ನೊಂದು ನೋಡಿ ಕಲಿಯುತ್ತದೆ. ಒಂದರ ಬೆನ್ನೇ ಇನ್ನೊಂದಕ್ಕೆ ಮೆಟ್ಟಿಲಾಗುತ್ತದೆ. ಮಗು ಹಿಡಿದುಕೊಂಡು ನಿಲ್ಲಲು ಕಲಿತ ಕೂಡಲೇ ಮರದ ತೊಟ್ಟಿಲಿನ ಹಾಸಿಗೆಯನ್ನು ತೀರಾ ಕೆಳಕ್ಕೆ ಇಳಿಸಿ. ಕಾಲಿಟ್ಟು ಹತ್ತಬಹುದಾದ ದಿಂಬು, ದೊಡ್ಡ ಗೊಂಬೆಗಳನ್ನು ಒಳಗೆ ಇಡಬೇಡಿ.

ಇಬ್ಬರೂ ಸೇರಿ ಕಪಾಟಿನ ಡ್ರಾಯರುಗಳನ್ನು ಎಳೆದು ಮೆಟ್ಟಿಲಿನಂತೆ ಹತ್ತಿದರೆ ಆ ಭಾರಕ್ಕೆ ಕಪಾಟು ಮುಂದಕ್ಕೆ ಮಗುಚುತ್ತದೆ. ಕಪಾಟು, ಪುಸ್ತಕದ ಸ್ಟ್ಯಾಂಡು, ಟಿ.ವಿ. ಇವನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಯಿರಿ. ಕಿಟಕಿ ಮತ್ತು ಬಾಲ್ಕನಿಯ ಬಳಿ ಕುರ್ಚಿ, ಸ್ಟೂಲು ಇರಬಾರದು. ಫ್ಲ್ಯಾಟುಗಳಲ್ಲಿ ವಾಸಿಸುವವರು ಬಾಲ್ಕನಿಯ ಸರಳುಗಳ ನಡುವಿನ ಸಂದು 10 ಸೆಂಟಿಮೀಟರಿಗಿಂತ ಕಡಿಮೆ ಇದೆಯೇ ಎಂದು ಅಳೆದು ನೋಡಬೇಕು. ಮೆಟ್ಟಿಲಿನ ಮೇಲ್ತುದಿಯ ಗೇಟನ್ನು ಗೋಡೆಗೆ ಸ್ಕ್ರೂ ಹಾಕಿಯೇ ಕೂರಿಸಬೇಕು. ನಡುವೆ ಒತ್ತಿ ನಿಲ್ಲಿಸಿದ ಗೇಟು ಅಲ್ಲಿ ಸಾಲದು.

ಚಕ್ರದ ವಾಕರನ್ನು ಉಡುಗೊರೆಯಾಗಿ ಕೊಡುವ ವಾಡಿಕೆ ನಮ್ಮಲ್ಲಿದೆ. ಅದರಿಂದ ಮಗು ಬೇಗ ನಡೆಯಲು ಕಲಿಯುವುದಿಲ್ಲ. ಬದಲಿಗೆ ಮೆಟ್ಟಿಲಿನತ್ತ, ಒಲೆಯತ್ತ ಕ್ಷಣದಲ್ಲಿ ಸಾಗಿಬಿಡುತ್ತದೆ. ಕೆನಡಾ ದೇಶವು 2004ರಲ್ಲಿಯೇ ಇವುಗಳ ಮಾರಾಟವನ್ನು ನಿಷೇಧಿಸಿತು.

ಬಾಯಿಗೆ ಹೋಗುವ ವಸ್ತುಗಳು

ಸಿಕ್ಕಿದ್ದನ್ನು ಬಾಯಿಗೆ ಹಾಕುವುದು ಮಕ್ಕಳ ಸ್ವಭಾವ. ಅವಳಿಗಳಾದರೆ ಸಿಕ್ಕಿದ್ದನ್ನು ಇನ್ನೊಂದರ ಬಾಯಿಗೂ ತುರುಕುತ್ತವೆ. ನೆಲಗಡಲೆ, ಗೇರುಬೀಜ, ಅಡಿಕೆಚೂರು, ನಾಣ್ಯ, ಅಣ್ಣ-ಅಕ್ಕಂದಿರ ಗೋಲಿ ಯಾವುದೂ ಕೈಗೆ ಎಟಕಬಾರದು. ಇಡೀ ಬೀಜಗಳನ್ನು 5 ವರ್ಷ ತುಂಬುವವರೆಗೆ ಕೊಡಬೇಡಿ. ರಿಮೋಟ್ ಮತ್ತು ಆಟಿಕೆಗಳಲ್ಲಿರುವ ಗುಂಡಿಯಾಕಾರದ ಬ್ಯಾಟರಿ ಅತ್ಯಂತ ಅಪಾಯಕಾರಿ. ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡೇ ಗಂಟೆಗಳಲ್ಲಿ ಒಳಗೆ ಸುಟ್ಟ ಗಾಯ ಮಾಡಬಲ್ಲದು. ಕರ್ಪೂರ, ನುಸಿಗುಳಿಗೆ, ಚಿಮಿಣಿ ಎಣ್ಣೆ, ಫಿನಾಯಿಲ್, ಅಜ್ಜ-ಅಜ್ಜಿಯರ ಮಾತ್ರೆಗಳು ಬೀಗ ಹಾಕಿದ ಕಪಾಟಿನಲ್ಲಿರಲಿ. ಕುಡಿಯುವ ನೀರಿನ ಬಾಟಲಿಯಲ್ಲಿ ಚಿಮಿಣಿ ಎಣ್ಣೆ ತುಂಬಿಸಿಡುವ ಅಭ್ಯಾಸವನ್ನು ಬಿಟ್ಟೇ ಬಿಡಬೇಕು.

ಯಾರು ಯಾರನ್ನು ನೋಡಿಕೊಳ್ಳಬೇಕು?

ಮನೆ ತುಂಬ ಜನರಿರುವ ಹಬ್ಬ, ಮದುವೆಯ ದಿನಗಳಲ್ಲೂ ಅವಘಡಗಳಾಗುತ್ತವೆ. ಎಲ್ಲರೂ ಇದ್ದಾರಲ್ಲ, ಯಾರಾದರೂ ನೋಡುತ್ತಿರಬಹುದು ಎಂದು ಪ್ರತಿಯೊಬ್ಬರೂ ಭಾವಿಸುತ್ತಾರೆ. “ಮಕ್ಕಳನ್ನು ಸ್ವಲ್ಪ ನೋಡಿಕೊಳ್ಳಿ” ಎಂದರೆ ಸಾಲದು. ಇಂಥ ಮಗು ಇಂಥವರ ಜವಾಬ್ದಾರಿ ಎಂದು ಹೆಸರು ಹಿಡಿದು ಹೇಳಿ. ಅವರು ಎದ್ದು ಹೋಗುವಾಗ ಇನ್ನೊಬ್ಬರಿಗೆ ಬಾಯಿಬಿಟ್ಟು ಒಪ್ಪಿಸಿ ಹೋಗಲಿ. ಹೊತ್ತು ಹೊತ್ತಿಗೆ ಒಂದು ಮಗುವಿನ ಹೊಣೆ ಹೊರುವ ಅಪ್ಪ, ಅಜ್ಜಿ, ಚಿಕ್ಕಮ್ಮಂದಿರು ಬಾಣಂತನದ ದಣಿವು ಇನ್ನೂ ಇಳಿಯದ ತಾಯಿಗೆ ದೊಡ್ಡ ಉಪಕಾರ ಮಾಡಿದಂತೆ.

ಅವಘಡ ಸಂಭವಿಸಿದರೆ

• ಗಂಟಲಲ್ಲಿ ಏನಾದರೂ ಸಿಕ್ಕಿ ಉಸಿರು ಕಟ್ಟಿದರೆ, ಒಂದು ವರ್ಷದೊಳಗಿನ ಮಗುವನ್ನು ತಲೆ ಕೆಳಗಾಗುವಂತೆ ಮುಂಗೈ ಮೇಲೆ ಕವುಚಿ ಮಲಗಿಸಿ, ಭುಜಗಳ ನಡುವೆ ಅಂಗೈಯ ಬುಡದಿಂದ 5 ಸಲ ತಟ್ಟಬೇಕು. ಹೊರಬಾರದಿದ್ದರೆ ಅಂಗಾತ ತಿರುಗಿಸಿ ಎದೆಯ ಮಧ್ಯದಲ್ಲಿ 5 ಸಲ ಒತ್ತಬೇಕು. ಇದನ್ನು ಪುನರಾವರ್ತಿಸಬೇಕು. ಕಾಣದ ವಸ್ತುವಿಗಾಗಿ ಬಾಯೊಳಗೆ ಬೆರಳು ಹಾಕಿ ತಡಕಾಡಬಾರದು. ಈ ಕ್ರಮವನ್ನು ವೈದ್ಯರಿಂದಲೋ ದಾದಿಯರಿಂದಲೋ ಮೊದಲೇ ನೋಡಿ ಕಲಿಯುವುದು ಒಳ್ಳೆಯದು.

• ಸುಟ್ಟರೆ 20 ನಿಮಿಷ ನಳ್ಳಿಯ ತಣ್ಣೀರು ಹರಿಸಿ. ಟೂತ್‌ಪೇಸ್ಟ್, ಎಣ್ಣೆ ಹಚ್ಚಬೇಡಿ.

• ಚಿಮಿಣಿ ಎಣ್ಣೆ ಕುಡಿದರೆ ವಾಂತಿ ಮಾಡಿಸಬೇಡಿ. ತಕ್ಷಣ ಆಸ್ಪತ್ರೆಗೆ ಕೊಂಡೊಯ್ಯಿರಿ.

• ಒಂದು ಮಗು ಮಾತ್ರೆ ನುಂಗಿದ ಸಂಶಯ ಬಂದರೆ ಇನ್ನೊಂದೂ ನುಂಗಿರಬಹುದೆಂದೇ ತಿಳಿದು ಇಬ್ಬರನ್ನೂ ವೈದ್ಯರಿಗೆ ತೋರಿಸಿ.

• ಆಂಬುಲೆನ್ಸಿಗೆ 108 ಅಥವಾ 112ಕ್ಕೆ ಕರೆ ಮಾಡಿ. ಈ ಸಂಖ್ಯೆಗಳನ್ನು ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಬರೆದಿಡಿ.

ಬಿದ್ದು ಎದ್ದೇ ಮಕ್ಕಳು ನಡೆಯಲು ಕಲಿಯಬೇಕು. ಸಣ್ಣಪುಟ್ಟ ಪೆಟ್ಟುಗಳಿಗೆ ಹೆದರಿ ಅವರನ್ನು ದಿನವಿಡೀ ತೊಟ್ಟಿಲಲ್ಲಿ ಕೂಡಿಹಾಕಬೇಕಾಗಿಲ್ಲ. ದೊಡ್ಡ ಅಪಾಯಗಳನ್ನು ದಾರಿಯಿಂದ ತೆಗೆದುಬಿಟ್ಟರೆ ಉಳಿದ ಜಾಗದಲ್ಲಿ ಇಬ್ಬರೂ ಮನಸಾರೆ ಹರಿದಾಡಲಿ. ಅವಳಿ ಮಕ್ಕಳಿರುವ ಮನೆಯವರು ಇಂದು ಸಂಜೆಯೇ ಬಾಲ್ದಿಗಳನ್ನು ಕವುಚಿ, ಔಷಧಿಯ ಕಪಾಟಿಗೆ ಬೀಗ ಹಾಕಿ ಈ ಕೆಲಸವನ್ನು ಆರಂಭಿಸಲಿ ಎಂಬುದು ನಮ್ಮ ವಿನಂತಿ.