ಡಬ್ಬಾ ಟಿವಿ ಬಿಟ್ಟುಹೋದ ಗೂಡು

ಅಮೆರಿಕದಲ್ಲಿ 1990ರ ದಶಕದಲ್ಲಿ ತಯಾರಾದ, ಓಡುವ ಮನೆಯಂಥ ದೊಡ್ಡ ಮೋಟರ್‌ಹೋಮ್ ಒಂದನ್ನು ಹತ್ತಿ, ಚಾಲಕನ ಸೀಟಿನ ಹಿಂದೆ ನಿಂತು ತಲೆಯೆತ್ತಿ ನೋಡಿದರೆ, ಮುಂಗಾಜಿನ ಮೇಲೆ ಚಾವಣಿಗೆ ತಾಗಿದಂತೆ ಮರದ ಚೌಕಟ್ಟಿನ ಆಳವಾದ ಗೂಡೊಂದು ಸಾಮಾನ್ಯವಾಗಿ ಕಾಣುತ್ತದೆ. ಅದರೊಳಗೆ ಮೊದಲು ಕೂತಿದ್ದು 25 ಅಥವಾ 27 ಇಂಚಿನ ಪಿಕ್ಚರ್ ಟ್ಯೂಬಿನ ಟಿವಿ, ನಮ್ಮ ಬಾಯಲ್ಲಿ ಡಬ್ಬಾ ಟಿವಿ. ಅದನ್ನು ಇಳಿಸಿ ಆ ಜಾಗಕ್ಕೆ ಇನ್ನೂ ದೊಡ್ಡ ಚಪ್ಪಟೆ ಟಿವಿ ಕೂರಿಸುವುದು ಹಳೆಯ ಗಾಡಿ ಕೊಂಡ ಅನೇಕರು ಮೊದಲು ಕೈಹಾಕುವ ಕೆಲಸ. ಮನೆಯ ಗೋಡೆಗಾದರೆ ಇದು ಅರ್ಧ ಗಂಟೆಯ ಮಾತು. ಓಡುವ ಮನೆಯಲ್ಲಿ ಹಾಗಾಗುವುದಿಲ್ಲ. ಪೆಟ್ಟಿಗೆಯ ಮೇಲೆ ದಪ್ಪಕ್ಷರದಲ್ಲಿ ಅಚ್ಚಾದ ಇಂಚಿನ ಸಂಖ್ಯೆಯನ್ನು ನಂಬಿ ಕೊಂಡರಂತೂ ಕೆಟ್ಟೆವು. ಅಲ್ಲಿ ಬೇಕಾದ ಯಾವ ವಿವರವನ್ನೂ ಅದು ನೇರವಾಗಿ ಹೇಳುವುದಿಲ್ಲ.

ಗೂಡು ಅಲ್ಲೇ ಏಕೆ ಬಂತು ಎಂದು ಮೊದಲು ನೋಡೋಣ. ಅಮೆರಿಕದ ಹೆದ್ದಾರಿಗಳಲ್ಲಿ ಗಾಡಿಯ ಅಗಲ 102 ಇಂಚು, ಅಂದರೆ ಸುಮಾರು 2.6 ಮೀಟರ್ ಮೀರುವಂತಿಲ್ಲ. ಅಷ್ಟರೊಳಗೆ ಅಡುಗೆಯ ಕಟ್ಟೆ, ಸೋಫಾ, ಊಟದ ಮೇಜು, ಓಡಾಡುವ ದಾರಿ ಎಲ್ಲವೂ ಹಿಡಿಯಬೇಕು. ಅರ್ಧ ಮೀಟರ್ ಆಳದ ಪೆಟ್ಟಿಗೆಯನ್ನು ಪಕ್ಕದ ಗೋಡೆಗೆ ಇಟ್ಟರೆ ದಾರಿಯೇ ಮುಚ್ಚಿಹೋಗುತ್ತದೆ. ಚಾಲಕನ ತಲೆಯ ಮೇಲಿನ ಜಾಗವೊಂದೇ ಯಾರಿಗೂ ಬೇಡವಾಗಿ ಉಳಿದಿತ್ತು. ಉತ್ತರ ಅಮೆರಿಕದ ಆರ್‌ವಿಗಳಲ್ಲಿ, ಅಂದರೆ ಇಂಥ ಓಡುವ ಮನೆಗಳಲ್ಲಿ, ಬಹುಪಾಲು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಸುತ್ತಮುತ್ತ. ಅಲ್ಲಿಯ ಬಡಗಿಗಳು ಈ ಗೂಡುಗಳನ್ನು ಆ ಕಾಲದ ಟಿವಿಯ ಅಳತೆಗೆ ಸರಿಯಾಗಿ ಕಟ್ಟಿದರು. 2009ರ ಜೂನ್ 12ರ ಹೊತ್ತಿಗೆ ಅಮೆರಿಕದ ದೊಡ್ಡ ಟಿವಿ ಕೇಂದ್ರಗಳೆಲ್ಲ ಅನಲಾಗ್ ಪ್ರಸಾರ ನಿಲ್ಲಿಸಿದವು. ಕಾಡಿನಂಚಿನ ಕ್ಯಾಂಪಿನಲ್ಲಿ ಆಂಟೆನಾ ಎತ್ತಿ ನೋಡುತ್ತಿದ್ದವರ ಹಳೆಯ ಟಿವಿಗಳು ಪರಿವರ್ತಕ ಡಬ್ಬಿಯಿಲ್ಲದೆ ಬರಿ ಚುಕ್ಕಿ ತೋರಿಸತೊಡಗಿದವು. ಟಿವಿ ಹೋಯಿತು, ಅದರ ಅಳತೆಯ ಗೂಡು ಉಳಿಯಿತು.

ಇಂಚಿನ ಲೆಕ್ಕಕ್ಕೆ ಬರೋಣ. ಟಿವಿಯ ಇಂಚು ಎಂದರೆ ಪರದೆಯ ಒಂದು ಮೂಲೆಯಿಂದ ಎದುರು ಮೂಲೆಗೆ ಎಳೆದ ಕರ್ಣದ ಉದ್ದ. ಡಬ್ಬಾ ಟಿವಿಯ ಪರದೆಯಲ್ಲಿ ಅಗಲಕ್ಕೂ ಎತ್ತರಕ್ಕೂ 4:3 ಅನುಪಾತ. ಶಾಲೆಯಲ್ಲಿ ಕಲಿತ 3, 4, 5ರ ಲಂಬಕೋನ ತ್ರಿಭುಜವೇ ಅದು. ಹಾಗಾಗಿ 27 ಇಂಚಿನ ಪರದೆಯ ಅಗಲ 21.6 ಇಂಚು, ಎತ್ತರ 16.2 ಇಂಚು. ಇಂದಿನ ಟಿವಿಗಳದ್ದು 16:9. ಅದೇ ಕರ್ಣವನ್ನು ಇಲ್ಲಿ ಅಡ್ಡಕ್ಕೆ ಎಳೆದು ಕುಳ್ಳಗೆ ಮಾಡಿದ್ದಾರೆ. 32 ಇಂಚಿನ ಚಪ್ಪಟೆ ಪರದೆಯ ಅಗಲ 27.9 ಇಂಚು, ಎತ್ತರ ಬರೀ 15.7 ಇಂಚು. ಐದಿಂಚು ದೊಡ್ಡದೆಂದು ತಂದ ಪರದೆ ಹಳೆಯದಕ್ಕಿಂತ ಅರ್ಧ ಇಂಚು ಗಿಡ್ಡ! ಹಳೆಯ ಕಾಲದ 4:3 ಸಿನಿಮಾವೊಂದನ್ನು ಅದರಲ್ಲಿ ಹಾಕಿದರೆ ಎರಡೂ ಪಕ್ಕ ಕಪ್ಪು ಪಟ್ಟಿ ಬಂದು, ಚಿತ್ರದ ಕರ್ಣ 26 ಇಂಚಿಗೆ ಇಳಿಯುತ್ತದೆ. ಅದೇ ಸಿನಿಮಾ ಹಳೆಯ ಟಿವಿಯಲ್ಲಿ ಇನ್ನಷ್ಟು ದೊಡ್ಡದಾಗಿ ಕಾಣುತ್ತಿತ್ತು.

ಇಷ್ಟೂ ಪರದೆಯ ಅಳತೆ. ಗೂಡಿಗೆ ಬೇಕಾದದ್ದು ಹೊರಮೈಯ ಅಳತೆ. ಹದಿನೈದಿಪ್ಪತ್ತು ವರ್ಷದ ಹಿಂದಿನ 32 ಇಂಚಿನ ಎಲ್‌ಸಿಡಿ ಟಿವಿಗಳಿಗೆ ಸುತ್ತಲೂ ದಪ್ಪ ಅಂಚು ಇರುತ್ತಿತ್ತು. ಹೊರ ಅಗಲ 80 ಸೆಂ.ಮೀ. ಮುಟ್ಟುತ್ತಿತ್ತು. ಈಗಿನವುಗಳಲ್ಲಿ ಅಂಚು ತೆಳುವಾಗಿ ಅದೇ ಪರದೆ 72–73 ಸೆಂ.ಮೀ.ನಲ್ಲಿ ಮುಗಿಯುತ್ತದೆ. ಆಗ 26 ಇಂಚಷ್ಟೇ ಹಿಡಿಯುತ್ತಿದ್ದ ಗೂಡು ಚೂರೂ ಬದಲಾಗದೆ ಈಗ 32 ಇಂಚನ್ನು ಒಳಗೊಳ್ಳಬಹುದು. ಟೇಪು ಹಿಡಿದು ಗೂಡಿನ ಬಾಯಿಯನ್ನು ಮೇಲೆ, ನಡುವೆ, ಕೆಳಗೆ ಮೂರು ಕಡೆ ಅಳೆಯಬೇಕು. ವರ್ಷಗಟ್ಟಲೆ ಕುಲುಕಾಡಿದ ಮರದ ಚೌಕಟ್ಟು ನೇರವಾಗಿ ಉಳಿದಿರುವುದಿಲ್ಲ.

ಅದಕ್ಕೂ ಮೊದಲು ಹಳೆಯದನ್ನು ಇಳಿಸಬೇಕಲ್ಲ. 27 ಇಂಚಿನ ಡಬ್ಬಾ ಟಿವಿ 40 ಕಿಲೋ ಆಸುಪಾಸು ತೂಗುತ್ತದೆ, ಅದೂ ಮುಂಭಾರ. ತೂಕವೆಲ್ಲ ಗಾಜಿನದು. ಟ್ಯೂಬಿನ ಒಳಗೆ ನಿರ್ವಾತ, ಹೊರಗೆ ಪ್ರತಿ ಚದರ ಸೆಂ.ಮೀ.ಗೆ ಸುಮಾರು ಒಂದು ಕಿಲೋ ಭಾರದ ವಾಯುಮಂಡಲ. ಮುಂಭಾಗದ ಗಾಜೊಂದರ ಮೇಲೆಯೇ ಬೀಳುವ ಒತ್ತಡವನ್ನು ಕೂಡಿಸಿದರೆ ಎರಡು ಟನ್ನಿಗಿಂತ ಹೆಚ್ಚು. ಅದನ್ನು ತಾಳಿಕೊಳ್ಳಲು ಗಾಜು ಅಷ್ಟು ದಪ್ಪ, ಎಕ್ಸ್‌ರೇ ತಡೆಯಲು ಅದರೊಳಗೆ ಸೀಸ. ಇಂಥ ಗುಂಡನ್ನು ಚಾಲಕನ ತಲೆಯ ಮೇಲಿಟ್ಟು ಗಂಟೆಗೆ 100 ಕಿ.ಮೀ. ವೇಗದಲ್ಲಿ ಓಡಿಸುತ್ತಿದ್ದರು ಎಂಬುದು ಇಂದು ಯೋಚಿಸಿದರೆ ಗಾಬರಿ ಹುಟ್ಟಿಸುತ್ತದೆ. ಗಟ್ಟಿ ಬ್ರೇಕ್ ಹಾಕಿದಾಗ ಗಾಡಿಯ ವೇಗ ಕುಸಿಯುವ ದರ ಗುರುತ್ವದ ಮುಕ್ಕಾಲು ಭಾಗದಷ್ಟಿದ್ದರೆ, ಆ ಟಿವಿ ತನ್ನ ಪಟ್ಟಿಗಳನ್ನು 30 ಕಿಲೋ ಬಲದಿಂದ ಮುಂದಕ್ಕೆ ಜಗ್ಗುತ್ತದೆ. ಐದಾರು ಕಿಲೋದ ಚಪ್ಪಟೆ ಟಿವಿಗೆ ಅದೇ ಲೆಕ್ಕ ಹೆಚ್ಚೆಂದರೆ ನಾಲ್ಕೂವರೆ ಕಿಲೋ. ಈ ಬದಲಾವಣೆಯ ಅತಿ ದೊಡ್ಡ ಲಾಭ ನನ್ನ ಮಟ್ಟಿಗೆ ಇದೇ. ಚಿತ್ರದ ಅಂದ ಆಮೇಲಿನದು. ಇಳಿಸುವಾಗ ಇಬ್ಬರು ಬೇಕು, ಹಿಂದಿನ ಮುಚ್ಚಳ ಬಿಚ್ಚಕೂಡದು, ಟ್ಯೂಬಿನ ಕತ್ತಿಗೆ ಪೆಟ್ಟಾಗಕೂಡದು. ಆರಿಸಿದ ಮೇಲೂ ಒಳಗೆ ಸಾವಿರಾರು ವೋಲ್ಟ್ ಉಳಿದಿರಬಲ್ಲದು. ಸೀಸದ ಕಾರಣ ಅದು ಕಸದ ತೊಟ್ಟಿಗೂ ಸಲ್ಲ, ಇ-ತ್ಯಾಜ್ಯ ಕೇಂದ್ರಕ್ಕೇ ಹೋಗಬೇಕು.

ಹಗುರವಾಯಿತೆಂದು ಎಲ್ಲೆಂದರಲ್ಲಿ ಸ್ಕ್ರೂ ಬಿಗಿಯುವಂತಿಲ್ಲ. ಆರ್‌ವಿಯ ಗೋಡೆಯನ್ನು ಅಡ್ಡ ಕೊಯ್ದರೆ ಸಿಗುವುದು ಹೊರಗೊಂದು ಫೈಬರ್‌ಗ್ಲಾಸ್ ಹಾಳೆ, ನಡುವೆ ಥರ್ಮಕೋಲಿನಂಥ ಫೋಮ್, ಒಳಗೆ ಮೂರು ಮಿ.ಮೀ. ಪ್ಲೈವುಡ್. ಒಟ್ಟು ದಪ್ಪ ಎರಡು ಇಂಚು ಇದ್ದರೆ ಹೆಚ್ಚು. ಅಲ್ಲಲ್ಲಿ ಮಾತ್ರ ಅಲ್ಯೂಮಿನಿಯಂ ಅಥವಾ ಮರದ ಕಂಬಿಗಳಿರುತ್ತವೆ. ಪ್ಲೈವುಡ್ಡಿಗೆ ಹಾಕಿದ ಸ್ಕ್ರೂ ಮೊದಲ ದಿನ ಭದ್ರವಾಗಿಯೇ ಕಾಣುತ್ತದೆ, ದಾರಿಯ ಕುಲುಕಾಟಕ್ಕೆ ತೂತು ಅಗಲವಾಗುತ್ತ ಒಂದು ದಿನ ಕಿತ್ತು ಬರುತ್ತದೆ. ಉದ್ದದ ಸ್ಕ್ರೂ ಹಾಕಿದರೆ ಹೊರಗಿನ ಹಾಳೆಯನ್ನೇ ತೂರಿ, ಅಲ್ಲಿಂದ ಮಳೆನೀರು ಒಳಗಿಳಿದು ಗೋಡೆ ಕೊಳೆಯುತ್ತದೆ. ಬಲ್ಲವರು ಗೋಡೆಯನ್ನು ಬೆರಳಿನಿಂದ ತಟ್ಟಿ, ಅಯಸ್ಕಾಂತ ಆಡಿಸಿ ಸ್ಕ್ರೂ ಸಾಲು ಹುಡುಕಿ, ಎರಡು ಕಂಬಿಗಳನ್ನು ಮುಟ್ಟುವಂತೆ ಅರ್ಧ ಇಂಚಿನ ಪ್ಲೈವುಡ್ ಹಲಗೆಯೊಂದನ್ನು ಅಂಟು ಹಾಕಿ ಬಿಗಿಯುತ್ತಾರೆ. ಟಿವಿಯ ಬ್ರಾಕೆಟ್ ಕೂರುವುದು ಆ ಹಲಗೆಯ ಮೇಲೆ. ಟಿವಿಯ ಬೆನ್ನಿನ ನಾಲ್ಕು ತೂತುಗಳಿಗೆ ‘ವೆಸಾ’ ಎಂಬ ಸಂಸ್ಥೆ ಅಳತೆ ಗೊತ್ತುಮಾಡಿದೆ. 75, 100, 200 ಮಿ.ಮೀ. ಅಂತರ ಸಾಮಾನ್ಯ, ಯಾವ ಕಂಪನಿಯ ಟಿವಿಗೂ ಯಾವ ಕಂಪನಿಯ ಬ್ರಾಕೆಟ್ಟೂ ಒಗ್ಗುವುದು ಇದರಿಂದ.

ಗೂಡಿನಲ್ಲಿ ಹಿಡಿಯದಷ್ಟು ದೊಡ್ಡ ಟಿವಿ ಬೇಕೆಂದರೆ ಗೂಡಿನ ಬಾಯಿಗೇ ಅದನ್ನು ಬಾಗಿಲಿನಂತೆ ಹೂಡಬಹುದು. ಮೇಲಂಚಿಗೆ ಕೀಲು, ಪಕ್ಕಗಳಲ್ಲಿ ಕಾರಿನ ಡಿಕ್ಕಿಗಿರುವಂಥ ಗ್ಯಾಸ್ ರಾಡು. ಟಿವಿ ಎತ್ತಿದರೆ ಹಿಂದೆ ಅರ್ಧ ಮೀಟರ್ ಆಳದ ಕಪಾಟು ಸಿಗುತ್ತದೆ, ಹೊದಿಕೆ ತುಂಬಿಡಲು ಹೇಳಿ ಮಾಡಿಸಿದ ಜಾಗ. ಉದ್ದನೆಯ ತೋಳಿನ ಬ್ರಾಕೆಟ್ ಇದಕ್ಕಿಂತ ಸುಲಭವಾಗಿ ಕಂಡರೂ ಓಡುವ ಗಾಡಿಗೆ ನನಗೆ ಅದು ಒಪ್ಪಿಗೆಯಿಲ್ಲ. ತೋಳು ಉದ್ದವಾದಷ್ಟೂ ಬುಡಕ್ಕೆ ತಿರುಚುಬಲ ಹೆಚ್ಚು. ಜತೆಗೆ ಪ್ರತಿ ತೋಳಿಗೂ ತನ್ನದೇ ಆದ ತೂಗಾಟದ ಲಯವಿದೆ. ಗಾಡಿಯ ಮೈ ಸೆಕೆಂಡಿಗೆ ಒಂದೆರಡು ಬಾರಿ, ಚಕ್ರಗಳು ಹತ್ತರ ಆಸುಪಾಸು ಬಾರಿ ಪುಟಿಯುತ್ತವೆ. ತೋಳಿನ ಲಯ ಇವೆರಡರಲ್ಲಿ ಒಂದಕ್ಕೆ ಹೊಂದಿಕೊಂಡರೆ ಸಣ್ಣ ಕುಲುಕೂ ದೊಡ್ಡ ಹೊಯ್ದಾಟವಾಗುತ್ತದೆ. ಕಾಗದದ ಕಟ್ಟಿನಷ್ಟೂ ದಪ್ಪವಿಲ್ಲದ ಎಲ್‌ಸಿಡಿ ಗಾಜಿಗೆ ಪೆಟ್ಟಿಗಿಂತ ಅಪಾಯಕಾರಿಯಾದದ್ದು ಹೀಗೆ ಬಳುಕುವುದು. ತೋಳೇ ಬೇಕೆನ್ನುವವರು ಪ್ರಯಾಣದಲ್ಲಿ ಅದನ್ನು ಮಡಚಿ ಪಿನ್ ಹಾಕಿ ಬೀಗ ಮಾಡುವ ಬಗೆಯದನ್ನೇ ಕೊಳ್ಳಬೇಕು. ಟಿವಿಯ ಕೆಳ ಅಂಚು ಚಾಲಕನ ನೋಟಕ್ಕೆ ಅಡ್ಡ ಬರಕೂಡದು. ಎಂಜಿನ್ ಚಾಲೂ ಆದೊಡನೆ ಮುಂದಿನ ಟಿವಿಗೆ ಕರೆಂಟು ಕಡಿಯುವ ರಿಲೇ ಅನೇಕ ಗಾಡಿಗಳಲ್ಲಿದೆ. ಅದನ್ನು ದಾಟಿಸಿ ತಂತಿ ಎಳೆಯುವ ಆಸೆಗೆ ಯಾರೂ ಬೀಳಬಾರದು.

ಟಿವಿ ಭದ್ರವಾಗಿ ಕೂತ ಮೇಲೆ ಸೋಫಾದಲ್ಲಿ ಕೂತು ನೋಡಿದಾಗ ಅನೇಕರಿಗೆ ಹೊಸದೊಂದು ತೊಂದರೆ ಎದುರಾಗುತ್ತದೆ. ಚಿತ್ರ ಕಪ್ಪಿಟ್ಟಿದೆ, ಮುಖಗಳ ಬಣ್ಣ ಫೋಟೋ ನೆಗೆಟಿವ್‌ನಂತೆ ತಿರುಗುಮುರುಗು. ಎದ್ದು ನಿಂತರೆ ಎಲ್ಲ ಸರಿ! ಕಣ್ಣಿಗಿಂತ ಅರ್ಧ ಮೀಟರಿಗೂ ಎತ್ತರದಲ್ಲಿರುವ ಪರದೆಯನ್ನು ಎರಡು ಮೀಟರ್ ದೂರದಿಂದ ನಾವು 15–17 ಡಿಗ್ರಿ ಕೆಳಗಿನಿಂದ ನೋಡುತ್ತೇವೆ. ಡಬ್ಬಾ ಟಿವಿಯಲ್ಲಿ ಪರದೆಯೇ ಹೊಳೆಯುತ್ತಿದ್ದುದರಿಂದ ಎಲ್ಲಿಂದ ನೋಡಿದರೂ ಒಂದೇ. ಎಲ್‌ಸಿಡಿ ತಾನಾಗಿ ಬೆಳಗುವುದಿಲ್ಲ, ಹಿಂದಿನ ದೀಪದ ಬೆಳಕನ್ನು ಬಿಡುವ ಅಥವಾ ತಡೆಯುವ ಕೆಲಸವಷ್ಟೇ ಅದರದು. ಆ ಕೆಲಸ ಮಾಡುವುದು ದ್ರವಸ್ಫಟಿಕ: ದ್ರವದಂತೆ ಹರಿಯುತ್ತ, ಸ್ಫಟಿಕದಂತೆ ಸಾಲಾಗಿ ನಿಲ್ಲುವ ವಸ್ತು. 1888ರಲ್ಲಿ ಫ್ರೀಡ್ರಿಕ್ ರೈನಿಟ್ಸರ್ ಎಂಬ ಸಸ್ಯವಿಜ್ಞಾನಿ ಕ್ಯಾರೆಟ್ಟಿನಿಂದ ಪಡೆದ ಪದಾರ್ಥವೊಂದು 145.5 ಡಿಗ್ರಿಯಲ್ಲಿ ಕರಗಿ ಮಬ್ಬು ದ್ರವವಾಗಿ, 178.5ರಲ್ಲಿ ತಿಳಿಯಾದದ್ದನ್ನು ಕಂಡ; ಆ ಮಬ್ಬು ದ್ರವವೇ ದ್ರವಸ್ಫಟಿಕ. ಕೆಲವು ಅಗ್ಗದ ಟಿವಿಗಳಲ್ಲಿ ಬಳಸುವ ‘ಟಿಎನ್’ ಪರದೆಯಲ್ಲಿ ದ್ರವಸ್ಫಟಿಕದ ಕಡ್ಡಿಯಾಕಾರದ ಅಣುಗಳು ಎರಡು ಗಾಜುಗಳ ನಡುವಿನ ಕೆಲವೇ ಮೈಕ್ರಾನ್ ಸಂದಿಯಲ್ಲಿ 90 ಡಿಗ್ರಿ ತಿರುಚಿಕೊಂಡಿರುತ್ತವೆ. ವೋಲ್ಟೇಜ್ ಕೊಟ್ಟರೆ ನೆಟ್ಟಗೆ ನಿಂತು ಬೆಳಕು ತಡೆಯುತ್ತವೆ. ಗಾಜಿಗೆ ಅಂಟಿದಂತಿರುವ ಅಣುಗಳು ಮಾತ್ರ ಪೂರ್ತಿ ಏಳಲಾರದೆ ವಾಲಿಕೊಂಡೇ ಉಳಿಯುತ್ತವೆ. ನೇರವಾಗಿ ನೋಡುವವರಿಗೆ ಇದು ಗೊತ್ತಾಗುವುದಿಲ್ಲ, ಓರೆಯಿಂದ ನೋಡುವವರಿಗೆ ಚಿತ್ರ ಕೆಡುತ್ತದೆ.

ಇದಕ್ಕೆ ಸಿಕ್ಕ ಒಂದು ಮದ್ದಿನ ಬೇರು ಬೆಂಗಳೂರಿನಲ್ಲಿದೆ. 1977ರಲ್ಲಿ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ ಮತ್ತು ಕೆ.ಎ. ಸುರೇಶ್ ತಟ್ಟೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವು ಎಂದು ತೋರಿಸಿ, ನಮ್ಮದೇ ‘ಪ್ರಮಾಣ’ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಲ್ಲಿಯವರೆಗೆ ತಿಳಿದಿದ್ದವು ಕಡ್ಡಿಯಾಕಾರದವು ಮಾತ್ರ. ತಟ್ಟೆಗಳು ಬೆಳಕಿನ ಮೇಲೆ ಮಾಡುವ ಪರಿಣಾಮ ಕಡ್ಡಿಗಳದ್ದಕ್ಕೆ ವಿರುದ್ಧ. 1990ರ ದಶಕದಲ್ಲಿ ಜಪಾನಿನ ಫ್ಯೂಜಿಫಿಲ್ಮ್ ಕಂಪನಿ ತಟ್ಟೆಯಣುಗಳನ್ನು ಕ್ರಮವಾಗಿ ವಾಲಿಸಿ ನಿಲ್ಲಿಸಿದ ತೆಳು ಹಾಳೆ ತಯಾರಿಸಿತು. ಪರದೆಯ ಎರಡೂ ಮೈಗೆ ಅದನ್ನು ಅಂಟಿಸಿದರೆ, ವಾಲಿದ ಕಡ್ಡಿಗಳು ಕೆಡಿಸಿದ ಬೆಳಕನ್ನು ವಾಲಿದ ತಟ್ಟೆಗಳು ಸರಿಪಡಿಸುತ್ತವೆ. ಬೆಂಗಳೂರಿನ ಪ್ರಯೋಗಾಲಯದ ಶುದ್ಧ ವಿಜ್ಞಾನ ಹೀಗೆ ಲಕ್ಷಾಂತರ ಪರದೆಗಳೊಳಗೆ ಹೋಗಿ ಕೂತಿದೆ ಎಂಬುದು ನನಗೆ ಬಹಳ ಹೆಮ್ಮೆಯ ಸಂಗತಿ.

ಆ ಹಾಳೆ ಪಕ್ಕದ ನೋಟವನ್ನು ಚೆನ್ನಾಗಿ ಸುಧಾರಿಸಿದರೂ ಕೆಳಗಿನಿಂದ ನೋಡುವವರ ಕಷ್ಟವನ್ನು ಪೂರ್ತಿ ನೀಗಲಿಲ್ಲ. ಎತ್ತರದ ಗೂಡಿಗೆ ಅಣುಗಳು ಗಾಜಿಗೆ ಸಮಾನಾಂತರವಾಗಿಯೇ ತಿರುಗುವ ‘ಐಪಿಎಸ್’ ಪರದೆ ಹೆಚ್ಚು ಸೂಕ್ತ. ಬೆಲೆ ತುಸು ಹೆಚ್ಚಾದರೂ ಸರಿ, ನಾಲ್ಕಿಂಚು ದೊಡ್ಡ ಟಿಎನ್‌ಗಿಂತ ನಾನು ಇದನ್ನೇ ಆರಿಸುತ್ತೇನೆ. ಟಿವಿಯ ತಲೆಯನ್ನು 15 ಡಿಗ್ರಿ ಮುಂದಕ್ಕೆ ಬಗ್ಗಿಸುವ ಬ್ರಾಕೆಟ್ ಹಾಕಿದರೆ ಯಾವ ಪರದೆಯಾದರೂ ನೋಡುವವರ ಮುಖಕ್ಕೆ ನೇರವಾಗುತ್ತದೆ. ಅದಕ್ಕೂ ಗೂಡಿನಲ್ಲಿ ಜಾಗ ಬೇಕೆಂಬುದನ್ನು ಅಳೆಯುವಾಗಲೇ ನೆನಪಿಡಬೇಕು.

ಕರೆಂಟಿನ ಲೆಕ್ಕ ಸುಲಭ. ಊರಿಂದ ದೂರ ನಿಂತಾಗ ಇರುವುದು 12 ವೋಲ್ಟಿನ ಬ್ಯಾಟರಿ. 100 ಆಂಪಿಯರ್-ಅವರ್‌ನ ಸೀಸ-ಆಮ್ಲ ಬ್ಯಾಟರಿಯಲ್ಲಿ ಅರ್ಧದಷ್ಟನ್ನೇ ಬಳಸಬೇಕೆಂಬ ನಿಯಮ ಹಿಡಿದರೆ ಕೈಗೆ ಸಿಗುವುದು 600 ವ್ಯಾಟ್-ಅವರ್. ಇನ್ವರ್ಟರಿನ ನಷ್ಟ ಸೇರಿಸಿದರೂ 40 ವ್ಯಾಟಿನ ಚಪ್ಪಟೆ ಟಿವಿ 13 ಗಂಟೆ ಓಡುತ್ತದೆ. 120 ವ್ಯಾಟಿನ ಡಬ್ಬಾ ಟಿವಿ ನಾಲ್ಕೂವರೆ ಗಂಟೆಗೆ ಬ್ಯಾಟರಿ ಮುಗಿಸುತ್ತಿತ್ತು. ನೇರ 12 ವೋಲ್ಟಿಗೆ ಓಡುವ ಟಿವಿ ಕೊಂಡರೆ ಇನ್ವರ್ಟರ್ ಬೇಡ, ಆದರೆ ಗಾಡಿಯ ‘12 ವೋಲ್ಟ್’ ಚಾರ್ಜ್ ಆಗುವಾಗ 14.4ಕ್ಕೆ ಏರುತ್ತದೆ. ಟಿವಿ ಅಷ್ಟನ್ನು ತಾಳಬಲ್ಲದೆಂದು ಕಂಪನಿ ಬರೆದುಕೊಡದಿದ್ದರೆ ನಡುವೆ ವೋಲ್ಟೇಜ್ ಸ್ಥಿರಗೊಳಿಸುವ ಡಬ್ಬಿ ಹಾಕಲೇಬೇಕು. ಅಮೆರಿಕದ ಮನೆಗಳ 120 ವೋಲ್ಟಿಗೆ ಹೋಲಿಸಿದರೆ ಇಲ್ಲಿ ಹತ್ತು ಪಟ್ಟು ಕರೆಂಟು ಹರಿಯುವುದರಿಂದ ತಂತಿಯೂ ದಪ್ಪವಿರಬೇಕು.

ಇನ್ನುಳಿದದ್ದು ಹವಾಮಾನ. ಮಿಷಿಗನ್ನಿನ ಚಳಿಗಾಲದಲ್ಲಿ ಶೆಡ್ಡಿನಲ್ಲಿ ನಿಂತ ಅದೇ ಗಾಡಿ ಬೇಸಿಗೆಯಲ್ಲಿ ಅರಿಜೋನಾದ ಮರುಭೂಮಿಯಲ್ಲಿ ಕಿಟಕಿ ಮುಚ್ಚಿ ನಿಲ್ಲಬಹುದು. ಟಿವಿಗಳನ್ನು ಇಡಬಹುದಾದ ತಾಪಮಾನವನ್ನು ಕಂಪನಿಗಳು ಸಾಮಾನ್ಯವಾಗಿ –20ರಿಂದ 60 ಡಿಗ್ರಿ ಸೆಲ್ಸಿಯಸ್ ಎಂದೂ, ಓಡಿಸಬಹುದಾದದ್ದನ್ನು 0ಯಿಂದ 40 ಎಂದೂ ಬರೆಯುತ್ತವೆ. ಚಳಿಗೆ ದ್ರವಸ್ಫಟಿಕ ಮಂದವಾಗಿ, ಓಡುವ ಚಿತ್ರದ ಹಿಂದೆ ನೆರಳು ಎಳೆದುಕೊಂಡು ಬರುತ್ತದೆ, ಬೆಚ್ಚಗಾದರೆ ಸರಿಹೋಗುತ್ತದೆ. ತಣ್ಣಗೆ ಕೊರೆಯುವ ಗಾಡಿಯಲ್ಲಿ ಹೀಟರ್ ಹಾಕಿದ ಕೂಡಲೇ ಟಿವಿ ಹಚ್ಚುವುದು ಅದಕ್ಕಿಂತ ಕೆಟ್ಟದ್ದು. ಅಡುಗೆ, ಉಸಿರುಗಳಿಂದ ಬಂದ ತೇವ ತಣ್ಣನೆಯ ಸರ್ಕ್ಯೂಟ್ ಬೋರ್ಡಿನ ಮೇಲೆ ಹನಿಗಟ್ಟಿರುತ್ತದೆ. ಪರದೆಯನ್ನು ಅಂಗೈಯಿಂದ ಮುಟ್ಟಿ ನೋಡಿ, ಅದು ಗಾಡಿಯೊಳಗಿನ ಗಾಳಿಯಷ್ಟೇ ಬೆಚ್ಚಗಾಗುವವರೆಗೆ ಪ್ಲಗ್ ಚುಚ್ಚದೆ ಕಾಯಬೇಕು.