ಮುಪ್ಪಿನ ಮಂದಗತಿಯೂ ಬುದ್ಧಿಯ ಕುಂದೂ: ಕೊಪ್ಪಳ ಸೀಮೆಯ ದೃಷ್ಟಿಯಿಂದ

ಮುಪ್ಪಿನಲ್ಲಿ ನಡಿಗೆ ನಿಧಾನವಾಗುವುದನ್ನೂ ನೆನಪು ಮಾಸುವುದನ್ನೂ ನಮ್ಮ ಜನರು ಬೇರೆ ಬೇರೆ ಸಂಗತಿಗಳೆಂದೇ ಎಣಿಸುತ್ತ ಬಂದಿದ್ದಾರೆ. ಮೊದಲನೆಯದು ಮೊಣಕಾಲಿನ ದೋಷ. ಎರಡನೆಯದು ಅರವತ್ತರ ಅರಳುಮರಳು. ಇವೆರಡಕ್ಕೂ ಒಮ್ಮೊಮ್ಮೆ ಒಂದೇ ಮೂಲವಿರಬಹುದೆಂಬುದನ್ನು ಈಚಿನ ಸಂಶೋಧನೆಗಳು ತೋರಿಸಿವೆ. ಈ ತಿಳಿವಳಿಕೆಯನ್ನು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಗೆ ಅನ್ವಯಿಸುವಾಗ ವಹಿಸಬೇಕಾದ ಎಚ್ಚರವನ್ನು ಇಲ್ಲಿ ವಿವೇಚಿಸುತ್ತೇವೆ.

ನಡೆಯುವುದು ಕಾಲುಗಳ ಕೆಲಸ ಮಾತ್ರವಲ್ಲ. ದಾರಿಯನ್ನು ಗಮನಿಸುವುದು, ಹೆಜ್ಜೆಯನ್ನು ಯೋಜಿಸುವುದು, ತಪ್ಪಿದ ಸಮತೋಲವನ್ನು ತಿದ್ದಿಕೊಳ್ಳುವುದು ಇವೆಲ್ಲ ಮಿದುಳಿನ ವ್ಯಾಪಾರಗಳು. ಇವಕ್ಕೆ ನೆರವಾಗುವ ಮಿದುಳಿನ ಮುಂಭಾಗವೂ ಅದನ್ನು ಇತರ ಭಾಗಗಳಿಗೆ ಬೆಸೆಯುವ ನರತಂತುಗಳೂ ಗಮನಕ್ಕೆ, ಯೋಚನೆಗೆ ಆಧಾರವಾಗಿವೆ. ರಕ್ತದೊತ್ತಡ, ಸಕ್ಕರೆ ಕಾಯಿಲೆಗಳಿಂದ ಸೂಕ್ಷ್ಮ ರಕ್ತನಾಳಗಳು ಕೆಟ್ಟರೆ ಈ ತಂತುಗಳು ಸೊರಗಿ, ಹೆಜ್ಜೆಯೂ ಯೋಚನೆಯೂ ಒಟ್ಟಿಗೆ ಮಂದವಾಗಬಹುದು.

ಅಮೆರಿಕದಲ್ಲಿರುವ ನರವೈದ್ಯ ಜೋ ವರ್ಗೀಸ್ ಮತ್ತು ಅವರ ಸಹೋದ್ಯೋಗಿಗಳು 2013ರಲ್ಲಿ ಈ ಜೋಡಿ ಲಕ್ಷಣವನ್ನು ಡಿಮೆನ್ಷಿಯಾ ಎಂಬ ಮರೆವಿನ ರೋಗದ ಮುನ್ಸೂಚನೆಯೆಂದು ನಿರೂಪಿಸಿದರು. ವ್ಯಕ್ತಿಗೆ ಮರೆವಿನ ದೂರಿರಬೇಕು. ನಡಿಗೆಯ ವೇಗವು ಅದೇ ವಯಸ್ಸಿನ, ಅದೇ ಲಿಂಗದವರ ಸರಾಸರಿಗಿಂತ ಒಂದು ಮಾನಕ ವಿಚಲನೆಯಷ್ಟಾದರೂ ಕಡಮೆಯಿರಬೇಕು. ಆದರೆ ಡಿಮೆನ್ಷಿಯಾ ಆಗಲಿ, ನಡೆಯಲಾರದ ಸ್ಥಿತಿಯಾಗಲಿ ಇನ್ನೂ ಬಂದಿರಬಾರದು. 17 ದೇಶಗಳ 26,802 ವೃದ್ಧರ ವಿವರಗಳನ್ನು 2014ರಲ್ಲಿ ಒಟ್ಟುಗೂಡಿಸಿ ನೋಡಿದಾಗ, ನೂರಕ್ಕೆ ಸುಮಾರು ಹತ್ತು ಮಂದಿಯಲ್ಲಿ ಈ ಲಕ್ಷಣ ಕಂಡುಬಂದಿತು.

ಈ ವಿಧಾನದ ದೊಡ್ಡ ಗುಣವೆಂದರೆ, ಇದಕ್ಕೆ ಅಕ್ಷರಜ್ಞಾನ ಬೇಡ. ಓದು, ಬರಹ, ಲೆಕ್ಕಗಳನ್ನು ಆಧರಿಸಿದ ಬುದ್ಧಿಪರೀಕ್ಷೆಗಳು ಶಾಲೆಯ ಮೆಟ್ಟಿಲು ಹತ್ತದ ವೃದ್ಧೆಯನ್ನು ಅನ್ಯಾಯವಾಗಿ ರೋಗಿಯೆಂದು ಎಣಿಸಬಹುದು. 2011ರ ಜನಗಣತಿಯಲ್ಲಿ ಕೊಪ್ಪಳ ಜಿಲ್ಲೆಯ ಮಹಿಳಾ ಸಾಕ್ಷರತೆ ಶೇಕಡ 60ನ್ನೂ ಮುಟ್ಟಿರಲಿಲ್ಲ. ಇಂಥಲ್ಲಿ ಅಳತೆಯ ಪಟ್ಟಿ, ಒಂದು ಗಡಿಯಾರ ಇವೆರಡೇ ಸಾಕಾಗುವ ಪರೀಕ್ಷೆ ಬೆಲೆಯುಳ್ಳದ್ದು.

ಆದರೆ ತೊಡಕೊಂದಿದೆ. ಕುಷ್ಟಗಿ, ಯಲಬುರ್ಗಾ ತಾಲ್ಲೂಕುಗಳ ಅನೇಕ ಹಳ್ಳಿಗಳ ಕೊಳವೆಬಾವಿಯ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿಮೀರಿದೆ. ಅದನ್ನು ಬಹುಕಾಲ ಕುಡಿದವರಲ್ಲಿ ಬೆನ್ನೆಲುಬೂ ಕೀಲುಗಳೂ ಬಿಗಿಯುವುದುಂಟು. ಅಂಥವರ ನಡಿಗೆ ಮಂದವಾದುದು ನೀರಿನಿಂದ, ಮಿದುಳಿನಿಂದಲ್ಲ. ಹೊರಗಿನ ಸರಾಸರಿಯಿಂದ ಅಳೆದರೆ ಆರೋಗ್ಯವಂತ ಬುದ್ಧಿಯವರನ್ನೂ ಶಂಕಿಸಿದಂತಾಗುತ್ತದೆ. ಊರಿನ ಸರಾಸರಿಯಿಂದಲೇ ಅಳೆದರೆ, ಅದು ಮೊದಲೇ ಇಳಿದಿರುವುದರಿಂದ, ನಿಜವಾದ ಮುನ್ಸೂಚನೆ ಮರೆಯಾಗುತ್ತದೆ.

ಇವೆರಡನ್ನು ಬೇರ್ಪಡಿಸಲು ಜೋಡಿಕೆಲಸದ ಪರೀಕ್ಷೆ ನೆರವಾದೀತು. ಮಾತನಾಡಿಸಿದೊಡನೆ ನಡಿಗೆ ನಿಲ್ಲಿಸುವ ವೃದ್ಧರು ಮುಂದೆ ಬೀಳುವ ಸಂಭವ ಹೆಚ್ಚೆಂದು ಸ್ವೀಡನ್ನಿನ ವಿದ್ವಾಂಸರು 1997ರಲ್ಲಿ ತೋರಿಸಿದರು. ವೃದ್ಧರನ್ನು ಮೊದಲು ಸುಮ್ಮನೆ, ಬಳಿಕ ವಾರಗಳ ಹೆಸರನ್ನು ಹಿಂದುಮುಂದಾಗಿ ಹೇಳುತ್ತ ನಡೆಯಿಸಬೇಕು. ಕೀಲು ಬಿಗಿದವರು ಎರಡು ಸಲವೂ ನಿಧಾನ. ಗಮನಶಕ್ತಿ ಕುಂದಿದವರು ಎರಡನೆಯ ಸಲ ಇನ್ನಷ್ಟು ನಿಧಾನ. ಇದೊಂದರಿಂದಲೇ ರೋಗನಿರ್ಣಯವಾಗದು, ವೈದ್ಯರಲ್ಲಿಗೆ ಯಾರನ್ನು ಮೊದಲು ಕಳುಹಬೇಕೆಂಬುದು ತಿಳಿಯುತ್ತದೆ.

ಕೋಲಾರ ಜಿಲ್ಲೆಯ ಶ್ರೀನಿವಾಸಪುರದಲ್ಲಿ ಬೆಂಗಳೂರಿನ ಮಿದುಳು ಸಂಶೋಧನ ಕೇಂದ್ರವು ಗ್ರಾಮೀಣರ ಮುಪ್ಪನ್ನು ಕುರಿತು ದೀರ್ಘಕಾಲದ ಅಧ್ಯಯನವನ್ನು 2018ರಲ್ಲಿ ಆರಂಭಿಸಿತು. ನಮ್ಮ ಸೀಮೆಗೂ ಅಂಥದೊಂದು ಬೇಕು. ಗಂಗಾವತಿಯ ನೀರಾವರಿ ಹಳ್ಳಿಗಳನ್ನೂ ಕುಷ್ಟಗಿಯ ಬೆದ್ದಲು ಹಳ್ಳಿಗಳನ್ನೂ ಪ್ರತ್ಯೇಕವಾಗಿ ಅಳೆದು, ಒಬ್ಬನೇ ವ್ಯಕ್ತಿಯನ್ನು ವರ್ಷವರ್ಷವೂ ಅವನ ಹಿಂದಿನ ವೇಗದೊಡನೆಯೇ ಹೋಲಿಸಿದರೆ, ನೀರು ಕೆಡಿಸಿದ ನಡಿಗೆಗೂ ಮಿದುಳು ತಡೆದ ನಡಿಗೆಗೂ ಇರುವ ಅಂತರ ಸ್ಪಷ್ಟವಾದೀತು. ಒಂದಕ್ಕೆ ಶುದ್ಧ ನೀರು, ಇನ್ನೊಂದಕ್ಕೆ ರಕ್ತದೊತ್ತಡದ ಹತೋಟಿ: ಪರಿಹಾರಗಳು ಬೇರೆಯಾಗಿರುವುದರಿಂದಲೇ ಈ ವಿವೇಚನೆ ಅಗತ್ಯವಾಗಿದೆ.