ಬಿಸಿಲಿನಿಂದ ನಡೆಯುವ ನೀರಿನ ಮೋಟಾರು

ಆಲಮಟ್ಟಿ ಜಲಾಶಯದ ಹಿನ್ನೀರು ಹಳೆಯ ಬಾಗಲಕೋಟೆಯ ಓಣಿಗಳನ್ನು ಮುಳುಗಿಸಿದ್ದರಿಂದಲೇ ನವನಗರವು ಹುಟ್ಟಿತು. ಆದರೂ ಬಾದಾಮಿ, ಹುನಗುಂದಗಳ ಕಡೆಯಲ್ಲಿ ಎಷ್ಟೋ ಹೊಲಗಳಿಗೆ ಕೊಳವೆ ಬಾವಿಯೇ ಗತಿ. ಬೇಸಿಗೆಯಲ್ಲಿ ಮೋಟಾರು ಸುಟ್ಟಿತೆಂದರೆ ಬೆಳೆಯೂ ಒಣಗುವದು, ರಿಪೇರಿಯ ಖರ್ಚೂ ಬೀಳುವದು. ಮಗಳ ಶಾಲೆಯ ಫೀಯೂ ಅದರಲ್ಲಿಯೇ ಕರಗುವದುಂಟು. ಕೇಂದ್ರ ಸರಕಾರವು 2019ರಲ್ಲಿ ಪಿಎಂ-ಕುಸುಮ್ ಯೋಜನೆಯನ್ನು ಆರಂಭಿಸಿದಂದಿನಿಂದ ಸೋಲಾರ ಪಂಪಿನ ಮಾತು ಮನೆಮನೆಯಲ್ಲಿರುವದರಿಂದ, ಅದರ ಇನ್ವರ್ಟರಿನ ಕೆಲಸವನ್ನು ಪಾಲಕರಿಗೂ ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ತಿಳಿಸಬಯಸುತ್ತೇವೆ.

ಇಂಡಕ್ಷನ್ ಮೋಟಾರಿನಲ್ಲಿ ಮೂರು ಫೇಸಿನ ಕರೆಂಟು ಮೂರು ಸುರುಳಿಗಳಲ್ಲಿ ಸರದಿಯಂತೆ ಏರಿಳಿಯುತ್ತ ತಿರುಗುವ ಅಯಸ್ಕಾಂತ ಬಲವನ್ನುಂಟುಮಾಡುವದು. ನಡುವಿನ ಉರುಳೆಯು ಅದರ ಬೆನ್ನು ಹತ್ತಿ, ತುಸು ಹಿಂದುಳಿದು ತಿರುಗುವದು. ಸೆಕೆಂಡಿಗೆ 50 ಆವರ್ತನಗಳ ಕರೆಂಟಿನಲ್ಲಿ ಎರಡು ಧ್ರುವಗಳ ಮೋಟಾರಿನೊಳಗಿನ ಬಲವು ನಿಮಿಷಕ್ಕೆ 3000 ಸುತ್ತು ಹಾಕುವದು. ಸೋಲಾರ ಹಲಗೆಗಳಾದರೋ ಒಂದೇ ದಿಕ್ಕಿಗೆ ಹರಿಯುವ ಕರೆಂಟನ್ನು ಕೊಡುವವು. ಇನ್ವರ್ಟರಿನೊಳಗೆ ಫೇಸಿಗೆ ಎರಡರಂತೆ ಆರು ಇಲೆಕ್ಟ್ರಾನಿಕ್ ಸ್ವಿಚ್ಚುಗಳು ಸೆಕೆಂಡಿಗೆ ಸಾವಿರಾರು ಸಲ ತೆರೆದು ಮುಚ್ಚಿ ಅದನ್ನು ಮೂರು ಫೇಸಾಗಿ ಮಾರ್ಪಡಿಸುವವು.

ಬಿಸಿಲು ಕುಗ್ಗಿದಾಗ ಇನ್ವರ್ಟರು ಆವರ್ತನವನ್ನು ಇಳಿಸಿ ಮೋಟಾರನ್ನು ನಿಧಾನಗೊಳಿಸುವದು. ಆಗ ವೋಲ್ಟೇಜನ್ನೂ ಅದೇ ಪ್ರಮಾಣದಲ್ಲಿ ಇಳಿಸಬೇಕು: 50ಕ್ಕೆ 415 ವೋಲ್ಟಾದರೆ 25ಕ್ಕೆ ಸುಮಾರು 207. ಇಳಿಸದಿದ್ದರೆ ಕಬ್ಬಿಣವು ತಾಳುವದಕ್ಕಿಂತ ಹೆಚ್ಚು ಅಯಸ್ಕಾಂತ ಬಲವುಂಟಾಗಿ ಸುರುಳಿಗಳು ಕಾಯುವವು. ಹಳ್ಳಿಯ ತಂತಿಯಲ್ಲಿ ಇದರ ವಿಪರೀತವೇ ನಡೆಯುವದು. ಆವರ್ತನವು 50ರಲ್ಲಿದ್ದು ವೋಲ್ಟೇಜು ಮಾತ್ರ ಬಿದ್ದುಹೋಗುವದು. ಭಾರವನ್ನೆಳೆಯಲು ಮೋಟಾರು ಹೆಚ್ಚು ಕರೆಂಟನ್ನು ಸೆಳೆದು ಸುಡುವದು. ನೇರವಾಗಿ ಚಾಲೂ ಮಾಡಿದರೆ ಆರು ಪಟ್ಟಿನಷ್ಟು ಕರೆಂಟು ನುಗ್ಗುವದು; ಇನ್ವರ್ಟರಾದರೋ ಸೊನ್ನೆಯ ಹತ್ತಿರದಿಂದ ಮೆಲ್ಲನೆ ಏರಿಸುವದು.

ಪಂಪಿಗೆ ಇಷ್ಟು ಸಾಕು. ಬೆಂಗಳೂರಿನಲ್ಲಿ 2011ರ ಅಕ್ಟೋಬರ 20ರಂದು ಆರಂಭವಾದ ಮೆಟ್ರೋ ಗಾಡಿಗಳಲ್ಲಿಯೂ ಇಂಥ ಮೋಟಾರುಗಳೇ ಇರುವವು. 750 ವೋಲ್ಟಿನ ಏಕಮುಖ ಕರೆಂಟನ್ನು ಇನ್ವರ್ಟರು ಮಾರ್ಪಡಿಸಿಕೊಡುವದು. ಗಾಡಿಯಂತಹ ಕೆಲಸಕ್ಕೆ ಸೂಕ್ಷ್ಮತರವಾದ ವಿಧಾನವೊಂದುಂಟು. ಅಯಸ್ಕಾಂತ ಬಲಕ್ಕೆ ಬೇಕಾದ ಕರೆಂಟನ್ನೂ ತಿರುಗಿಸಲು ಬೇಕಾದ ಕರೆಂಟನ್ನೂ ಬೇರ್ಪಡಿಸಿ ಲೆಕ್ಕಹಾಕಿ ಒಂದೊಂದನ್ನೂ ಹತೋಟಿಯಲ್ಲಿಡುವದು. 1970ರ ಸುಮಾರಿಗೆ ಜರ್ಮನಿಯಲ್ಲಿ ಹುಟ್ಟಿದ ಈ ಯುಕ್ತಿಯು ಬಹು ಸೊಗಸಾದದ್ದು. ಹೊಲಕ್ಕೆ ಅದರ ಹಂಗಿಲ್ಲ.

ಹೊಲದಲ್ಲಿ ನೋಡತಕ್ಕ ಸಂಗತಿಯೇ ಬೇರೆ. ಪಂಪು ನೀರನ್ನೆತ್ತುವ ಎತ್ತರವು ವೇಗದ ವರ್ಗದಂತೆ ಕಡಿಮೆಯಾಗುವದು. ಆವರ್ತನವು 50ರಿಂದ 40ಕ್ಕೆ ಇಳಿದರೆ ಎತ್ತರವು ನೂರಕ್ಕೆ 64 ಮಾತ್ರ ಉಳಿಯುವದು. ಆಳವಾದ ಬಾವಿಯಲ್ಲಿ ಇಷ್ಟರಿಂದಲೇ ನೀರು ಮೇಲಕ್ಕೆ ಬಾರದೆ ನಿಲ್ಲಬಹುದು. ಮೋಟಾರು ಮಾತ್ರ ಒಳಗೆ ತಿರುಗುತ್ತಲೇ ಇರುವದು. ಬಾವಿಯೊಳಗಿನ ಮೋಟಾರನ್ನು ತಂಪಾಗಿಡುವದು ಅದರ ಪಕ್ಕದಲ್ಲಿ ಹರಿಯುವ ನೀರೇ. ಹರಿವು ನಿಂತರೆ ಅದು ಕಾಯುವದು. ಆದ್ದರಿಂದ ಆವರ್ತನವು ಎಷ್ಟಕ್ಕಿಳಿದಾಗ ಪಂಪು ತಾನಾಗಿ ನಿಲ್ಲಬೇಕೆಂಬದನ್ನು ಇನ್ವರ್ಟರಿನಲ್ಲಿ ಮೊದಲೇ ಗೊತ್ತುಮಾಡಿಡಬೇಕು. ಈ ಅಂಕಿಯು ಎಲ್ಲ ಬಾವಿಗೂ ಒಂದೇ ಅಲ್ಲ. ನೆರೆಯವರ ಬಾವಿಯದನ್ನು ನೋಡಿ ಇಡತಕ್ಕದ್ದೂ ಅಲ್ಲ. ಪಂಪು ಕೂಡ್ರಿಸಲು ಬಂದವನು ಪೈಪಿನ ಬಾಯಿಯ ಬಳಿ ನಿಂತು, ಆವರ್ತನವನ್ನು ಮೆಲ್ಲನೆ ಇಳಿಸಿ, ನೀರು ನಿಲ್ಲುವ ಅಂಕಿಯನ್ನು ಕಂಡುಕೊಂಡು, ಅದಕ್ಕಿಂತ ತುಸು ಮೇಲೆ ಮಿತಿಯನ್ನಿಡಬೇಕು. ಅವನು ಹೋಗುವ ಮುನ್ನವೇ ಇದನ್ನು ಕೇಳಿ ಮಾಡಿಸಿಕೊಳ್ಳತಕ್ಕದ್ದು.